ಗಾಳ ಹಾಕಲು ಜಾಗ ಎಲ್ಲಿ?

ಅಮೆರಿಕದ ಮೊಂಟಾನಾದಲ್ಲಿ ಕೆಲಸಕ್ಕಿರುವ ಅಕ್ಕನ ಮಗ ರಜೆಗೆ ಬಂದವನು ಮೊಬೈಲಿನಲ್ಲಿ ಅಲ್ಲಿನ ನಕ್ಷೆ ತೋರಿಸಿದ. ಹಳದಿ ಬಣ್ಣದ್ದು ಕೇಂದ್ರ ಸರಕಾರದ ಭೂನಿರ್ವಹಣಾ ಇಲಾಖೆಯ ಜಾಗ, ಹಸಿರು ಅರಣ್ಯ ಇಲಾಖೆಯದ್ದು. ರಾಜ್ಯದ ಲೈಸೆನ್ಸ್ ತೆಗೆದುಕೊಂಡರೆ ಹೆಚ್ಚಿನ ಕಡೆ ಬೇಟೆಯಾಡಬಹುದು, ಮೀನು ಹಿಡಿಯಬಹುದು. "ನಮ್ಮ ಕಾಸರಗೋಡಿನಲ್ಲಿ ಇಂಥ ಜಾಗ ಎಲ್ಲುಂಟು ಮಾವ?" ಎಂದ.

ಬೇಟೆಯ ಮಾತು ಬೇಗ ಮುಗಿಯಿತು. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಉಂಟು. ತೋಟ ಹಾಳು ಮಾಡುವ ಕಾಡುಹಂದಿಗೆ ಮಾತ್ರ 2022ರಿಂದ ಕೇರಳದಲ್ಲಿ ಪಂಚಾಯತಿನಿಂದಲೇ ಅನುಮತಿ ಸಿಗುತ್ತದೆ. ಲೈಸೆನ್ಸಿನ ಕೋವಿಯವನೇ ಹೊಡೆಯಬೇಕು, ಹೊಡೆದದ್ದನ್ನು ಹೂಳಬೇಕು. (ಈ ಹೂಳುವ ಷರತ್ತಿನ ಬಗ್ಗೆ ಮುಳ್ಳೇರಿಯದ ಚಾದಂಗಡಿಯಲ್ಲಿ ಕೇಳಬೇಡಿ, ಬಸ್ಸು ತಪ್ಪುತ್ತದೆ.)

ಮೀನಿನ ವಿಷಯ ಹಾಗಲ್ಲ. ಪಯಸ್ವಿನಿ ಹೊಳೆಯ ನೀರಿಗೆ ಯಾರೂ ಬೇಲಿ ಹಾಕಿಲ್ಲ, ಆದರೆ ನೀರಿನವರೆಗೆ ಹೋಗಲು ಯಾರದ್ದಾದರೂ ಅಡಿಕೆ ತೋಟ ದಾಟಬೇಕು. ಮೊಂಟಾನಾದಲ್ಲೂ ಇದೇ ತಕರಾರು ಎದ್ದು 1985ರಲ್ಲಿ ಕಾನೂನೇ ಆಯಿತಂತೆ: ಸಾರ್ವಜನಿಕ ದಾರಿಯಿಂದ ಹೊಳೆಗಿಳಿದವನು ನೀರು ಸಾಮಾನ್ಯವಾಗಿ ಏರುವ ಗೆರೆಯೊಳಗೆ, ಖಾಸಗಿ ಜಾಗದ ನಡುವೆಯೂ ಹೋಗಬಹುದು. ನಮ್ಮಲ್ಲಿ ನನಗೆ ಉಪಕಾರಕ್ಕೆ ಬಂದದ್ದು ದೋಣಿಯಲ್ಲಿ ಹೊಳೆ ದಾಟುತ್ತಿದ್ದ ಹಳೆಯ ಕಡವುಗಳು. ಸೇತುವೆ ಬಂದು ದೋಣಿ ನಿಂತರೂ ಕಾಲುದಾರಿ ಹಾಗೇ ಉಳಿದಿರುತ್ತದೆ. ಊರಿನ ಹಿರಿಯರನ್ನು ಕೇಳಿ, ಸಂಶಯವಿದ್ದರೆ ವಿಲೇಜ್ ಆಫೀಸಿನಲ್ಲಿ ಪುರಂಬೋಕು (ಸರಕಾರಿ ಜಾಗ) ಹೌದೋ ಎಂದು ವಿಚಾರಿಸಿ.

ಮೊದಲ ಮಳೆಗೆ ಮಾತ್ರ ಹೋಗಬೇಡಿ. ಹೊಸ ನೀರಿಗೆ ಮೊಟ್ಟೆ ತುಂಬಿಕೊಂಡ ಮೀನು ತೋಡು ಹತ್ತಿ ಗದ್ದೆಗೆ ಬರುತ್ತದೆ. ಟಾರ್ಚು, ಕತ್ತಿ ಹಿಡಿದು ರಾತ್ರಿಯಿಡೀ ಕಡಿಯುವುದು ನಮ್ಮೂರಿನ ದೊಡ್ಡ ಹಬ್ಬ. ಕೇರಳದ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲಿ ಅದು ಅಪರಾಧ. ಕಾನೂನು ಇಲ್ಲದಿದ್ದರೂ, ಹೊಟ್ಟೆ ಸೀಳಿದಾಗ ಮುಷ್ಟಿ ತುಂಬ ಮೊಟ್ಟೆ ಸುರಿಯುವುದನ್ನು ನೋಡಿದ ಮೇಲೆ ನನಗೆ ಆ ಸಾರು ಸೇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಪಯಸ್ವಿನಿ ಸೇರುವ ಚಂದ್ರಗಿರಿ ಹೊಳೆಯಲ್ಲಿ ಕ್ಯಾಂಟರನ ದೈತ್ಯ ಮೆದುಚಿಪ್ಪಿನ ಆಮೆ ಇದೆ, ಮಲಯಾಳದಲ್ಲಿ ಪಾಲಪ್ಪೂವನ್. ಮೈಯೆಲ್ಲ ಮರಳಿನೊಳಗೆ ಹೂತುಕೊಂಡು ಬೇಟೆಗೆ ಕಾದು ಕೂರುವ ಪ್ರಾಣಿ. ಅಳಿವಿನಂಚಿನಲ್ಲಿದೆ, ಆದರೂ ಗಾಳಕ್ಕೆ, ಬಲೆಗೆ ಸಿಕ್ಕಿಬೀಳುತ್ತದೆ. ದಾರ ಎಳೆದು ಕೊಕ್ಕೆ ಕೀಳಲು ಹೋಗದೆ ಅರಣ್ಯ ಇಲಾಖೆಗೆ ಫೋನು ಮಾಡಿ.

ಗಾಳವೇ ಬೇಡ, ನಡೆದರೆ ಸಾಕು ಎನ್ನುವವರಿಗೆ ನಮ್ಮ ಜಿಲ್ಲೆಯ ರಾಣಿಪುರಂ ಗುಡ್ಡ ಇದೆ. ಟಿಕೇಟು ಕೌಂಟರಿನಲ್ಲೇ ಸಿಗುತ್ತದೆ. ಮಳೆಗಾಲವಾದರೆ ಉಂಬಳಕ್ಕೆ (ಜಿಗಣೆಗೆ) ಸ್ವಲ್ಪ ಸುಣ್ಣ ಕಟ್ಟಿಕೊಂಡು ಹೋಗಿ.