ಪೂರ್ತಿ ಹೇಳಿಕೊಡಬೇಡಿ, ಸ್ವಲ್ಪ ಒದ್ದಾಡಲಿ

ಮಕ್ಕಳ ಕೈಯಲ್ಲಿ ಮೋಟಾರ್ ಮಾಡಿಸುವಾಗ ಒಂದು ವಿಷಯವನ್ನು ನಾನು ಬೇಕಂತಲೇ ಹೇಳುವುದಿಲ್ಲ. ಹೇಳಿಬಿಟ್ಟರೆ ಸ್ವಲ್ಪ ಹೊತ್ತಿಗೇ ಎಲ್ಲರ ಮೋಟಾರೂ ಗಿರ್ರನೆ ತಿರುಗುತ್ತದೆ. ಚಪ್ಪಾಳೆ ಬೀಳುತ್ತದೆ. ಮನೆಗೆ ಹೋಗುವಷ್ಟರಲ್ಲಿ ಮರೆತೂ ಹೋಗುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಸೆಲ್, ಎರಡು ಸೇಫ್ಟಿ ಪಿನ್, ಒಂದು ಅಯಸ್ಕಾಂತ, ಒಂದಷ್ಟು ವೈಂಡಿಂಗ್ ವೈರ್. ತಂತಿಯನ್ನು ಸೆಲ್ಲಿಗೇ ಹತ್ತು ಸುತ್ತು ಸುತ್ತಿ ಜಾರಿಸಿ ತೆಗೆದರೆ ಬಳೆಯಂಥ ಸುರುಳಿ ಸಿಗುತ್ತದೆ. ಅದರ ಎರಡು ತುದಿಗಳನ್ನು ಎದುರುಬದುರಾಗಿ ಹೊರಗೆ ಬಿಟ್ಟು ಪಿನ್ನುಗಳ ತೂತಿನಲ್ಲಿ ಕೂರಿಸಬೇಕು. ಪಿನ್ನುಗಳನ್ನು ಸೆಲ್ಲಿನ ಎರಡು ಕಡೆಗೆ ಟೇಪಿನಿಂದ ಅಂಟಿಸಿ, ಸುರುಳಿಯ ಕೆಳಗೆ ಅಯಸ್ಕಾಂತ ಇಟ್ಟರೆ ಮುಗಿಯಿತು.

ಮೊದಲಿಗೆ ಯಾರದ್ದೂ ತಿರುಗುವುದಿಲ್ಲ. ವೈಂಡಿಂಗ್ ವೈರ್ ಬರೀ ತಾಮ್ರದ ಹಾಗೆ ಕಂಡರೂ ಅದರ ಮೇಲೆ ಕರೆಂಟ್ ಬಿಡದ ಎನಾಮೆಲ್ ತೆಳ್ಳಗೆ ಇರುತ್ತದೆ. ನಾನು ಕರೆಂಟ್ ಹರಿಯುವ ದಾರಿ ಇದ್ದರೆ ಬೀಪ್ ಅನ್ನುವ ಮಲ್ಟಿಮೀಟರ್ ಅನ್ನು ಮೇಜಿನ ಮೇಲಿಟ್ಟು ಸುಮ್ನೆ ಕೂರುತ್ತೇನೆ. ಯಾರೋ ಒಬ್ಬರು ತುದಿಗೆ ಮುಟ್ಟಿಸಿ ನೋಡುತ್ತಾರೆ. ಸದ್ದಿಲ್ಲ. ಇನ್ನೊಬ್ಬರು ಸ್ಯಾಂಡ್ ಪೇಪರಿನಿಂದ ಉಜ್ಜಿ ಮುಟ್ಟಿಸುತ್ತಾರೆ. ಬೀಪ್! ಅಲ್ಲಿಂದ ಮುಂದೆ ಸ್ಯಾಂಡ್ ಪೇಪರಿಗೆ ಕಿತ್ತಾಟ.

ನಿಜವಾದ ಮಜಾ ಆಮೇಲೆ ಶುರು. ಎರಡೂ ತುದಿಯನ್ನು ಪೂರ್ತಿ ಉಜ್ಜಿದವರ ಸುರುಳಿ ಒಮ್ಮೆ ಅಲುಗಾಡಿ, ನಡುಗಿ, ನಿಂತುಬಿಡುತ್ತದೆ. ಕರೆಂಟ್ ಹರಿಯುತ್ತಿದೆ, ಸೆಲ್ ಬಿಸಿಯೂ ಆಗುತ್ತಿದೆ (ಬಿಸಿಯಾದರೆ ತಕ್ಷಣ ತೆಗೆಸಿಬಿಡಿ), ಆದರೆ ತಿರುಗುತ್ತಿಲ್ಲ. ಈ ಜಾಗದಲ್ಲಿ ದೊಡ್ಡವರ ನಾಲಿಗೆ ತುರಿಸುತ್ತದೆ. ದಯವಿಟ್ಟು ತಡೆದುಕೊಳ್ಳಿ.

ಒಮ್ಮೆ ಹನ್ನೆರಡರ ಹುಡುಗಿಯೊಬ್ಬಳು ಸುರುಳಿಯನ್ನು ಬೆರಳಿನಿಂದ ನಿಧಾನ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ಕರೆದಳು. "ಸರ್, ಅರ್ಧ ಸುತ್ತು ಅದೇ ತಳ್ಳತ್ತೆ. ಇನ್ನರ್ಧಕ್ಕೆ ಬಂದ್ರೆ ವಾಪಸ್ ಎಳಿಯತ್ತೆ."

"ಮತ್ತೆ?"

"ವಾಪಸ್ ಎಳಿಯೋ ಹೊತ್ತಿಗೆ ಕರೆಂಟ್ ಇರಬಾರದು."

ನಾನು ಹೇಳದೆ ಇಟ್ಟುಕೊಂಡಿದ್ದು ಇದನ್ನೇ. ಒಂದು ತುದಿಯನ್ನು ಪೂರ್ತಿ ಉಜ್ಜಬೇಕು, ಇನ್ನೊಂದನ್ನು ಒಂದು ಮಗ್ಗುಲು ಮಾತ್ರ. ಆಗ ಅರ್ಧ ಸುತ್ತಿಗೆ ಕರೆಂಟ್ ಸಿಗುತ್ತದೆ, ಉಳಿದರ್ಧವನ್ನು ಸುರುಳಿ ಓಡುತ್ತಿದ್ದ ವೇಗದಲ್ಲೇ ದಾಟಿಬಿಡುತ್ತದೆ. ಆದರೆ ಅವಳು ಆಗಲೇ ಎರಡನ್ನೂ ಪೂರ್ತಿ ಉಜ್ಜಿಬಿಟ್ಟಿದ್ದಳಲ್ಲ! ಹೊಸ ತಂತಿ ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. ಯಾರ ಹತ್ತಿರವೋ ನೈಲ್ ಪಾಲಿಶ್ ಇಸಿದುಕೊಂಡು ಒಂದು ತುದಿಯ ಅರ್ಧ ಮಗ್ಗುಲಿಗೆ ಬಳಿದಳು. ಒಣಗಲು ಬಿಟ್ಟು, ಮತ್ತೆ ಕೂರಿಸಿ, ಬೆರಳಿನಿಂದ ಒಮ್ಮೆ ತಳ್ಳಿದಳು. ತಿರುಗಿತು. ಈ ಉಪಾಯ ನನಗೆ ಯಾವತ್ತೂ ಹೊಳೆದಿರಲಿಲ್ಲ.

ದೊಡ್ಡ ಡಿಸಿ ಮೋಟಾರುಗಳಲ್ಲಿ ಈ ಕೆಲಸ ಮಾಡುವುದು ಕಮ್ಯುಟೇಟರ್. ಅದು ಕರೆಂಟನ್ನು ನಿಲ್ಲಿಸುವ ಬದಲು ದಿಕ್ಕನ್ನೇ ತಿರುಗಿಸುತ್ತದೆ. ಅವಳಿಗೆ ಆ ಹೆಸರು ಹೇಳಿದ್ದು ಎಲ್ಲ ಮುಗಿದ ಮೇಲೆ.

ಇದಕ್ಕೇ ನನಗೆ ರೆಡಿಮೇಡ್ ಸೈನ್ಸ್ ಕಿಟ್‌ಗಳ ಮೇಲೆ ಸ್ವಲ್ಪ ಮುನಿಸು. ಚಿತ್ರ ನೋಡು, ಜೋಡಿಸು, ಸ್ವಿಚ್ ಒತ್ತು. ಕೆಟ್ಟು ನಿಲ್ಲುವುದೇ ಇಲ್ಲ. ಕೆಟ್ಟು ನಿಲ್ಲದ ಮೇಲೆ ಮಗು ಯೋಚಿಸುವುದು ಯಾವಾಗ? ಮನೆಯಲ್ಲಿ ಕಿಟ್ ಇದ್ದರೆ ಬಿಸಾಡಬೇಕಿಲ್ಲ. ಒಮ್ಮೆ ಜೋಡಿಸಲಿ. ಆಮೇಲೆ ಅದರಿಂದ ಒಂದು ಭಾಗ ತೆಗೆದಿಟ್ಟುಕೊಂಡು "ಈಗ ಇದಿಲ್ಲದೆ ಓಡಿಸು ನೋಡೋಣ" ಅನ್ನಿ.

ಇನ್ನೊಂದು ಕಿರಿಕಿರಿ, ಸ್ಪರ್ಧೆಗಳ ವಿಷಯ. "ಮಾಲಿನ್ಯಕ್ಕೆ ಪರಿಹಾರ ಕಂಡುಹಿಡಿಯಿರಿ" ಅಂತ ಹತ್ತು ವರ್ಷದವರಿಗೆ ಕೊಟ್ಟರೆ ಪೋಸ್ಟರ್ ಬರುತ್ತದೆ, ಅಪ್ಪನ ಕೈಬರಹದಲ್ಲಿ. ಮಗುವಿಗೆ ತನ್ನದೇ ತೊಂದರೆ ಬೇಕು. ಚೆಸ್ಟರ್ ಗ್ರೀನ್‌ವುಡ್ ಅನ್ನುವ ಹುಡುಗನಿಗೆ ಹಿಮದ ಮೇಲೆ ಸ್ಕೇಟಿಂಗ್ ಮಾಡುವಾಗ ಕಿವಿ ಕೊರೆಯುತ್ತಿತ್ತು. 1873ರಲ್ಲಿ, ಹದಿನೈದನೇ ವಯಸ್ಸಿಗೆ, ತಂತಿ ಬಗ್ಗಿಸಿ ಎರಡು ಉಂಗುರ ಮಾಡಿ, ಅಜ್ಜಿಯ ಕೈಯಲ್ಲಿ ಅದಕ್ಕೆ ತುಪ್ಪಳ ಹೊಲಿಸಿಕೊಂಡ. ಕಿವಿ ಬೆಚ್ಚಗಿಡುವ ಆ ಇಯರ್‌ಮಫ್‌ಗೆ 1877ರಲ್ಲಿ ಪೇಟೆಂಟೂ ಸಿಕ್ಕಿತು.

ಕಣ್ಣಿಲ್ಲದವರು ಉಬ್ಬು ಚುಕ್ಕಿ ಮುಟ್ಟಿ ಓದುವ ಬ್ರೈಲ್ ಲಿಪಿ ಮಾಡಿದ ಲೂಯಿ ಬ್ರೈಲ್ ಕಥೆ ಇನ್ನೂ ಗಟ್ಟಿ. ಮೂರು ವರ್ಷದವನಿದ್ದಾಗ ಅಪ್ಪನ ಚರ್ಮದ ಕೆಲಸದ ಕೊಠಡಿಯಲ್ಲಿ ಚೂಪಾದ ಉಪಕರಣ ತಾಗಿ ಕಣ್ಣಿಗೆ ಪೆಟ್ಟಾಯಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಎರಡೂ ಕಣ್ಣು ಹೋದವು. ಮುಂದೆ ಅವನ ಶಾಲೆಗೆ ಬಾರ್ಬಿಯೆ ಎಂಬ ಸೈನಿಕ ಅಧಿಕಾರಿಯ ಚುಕ್ಕಿ ಬರಹ ಬಂತು. ಅದರಲ್ಲಿ ಒಂದೊಂದು ಗುರುತಿಗೆ ಹನ್ನೆರಡು ಚುಕ್ಕಿಗಳವರೆಗೆ ಜಾಗ. ಒಂದು ಬೆರಳ ತುದಿಗೆ ಅಷ್ಟೂ ಒಟ್ಟಿಗೆ ಸಿಗುವುದಿಲ್ಲ. ಕಣ್ಣಿರುವ ಅಧಿಕಾರಿಗೆ ಅದು ಹೇಗೆ ಗೊತ್ತಾಗಬೇಕು? ಓದುವ ಹುಡುಗನ ಬೆರಳಿಗೆ ಗೊತ್ತಾಯಿತು. 1824ರ ಹೊತ್ತಿಗೆ, ಹದಿನೈದರ ಹುಡುಗ ಅದನ್ನು ಆರು ಚುಕ್ಕಿಗೆ ಇಳಿಸಿದ್ದ. ಇವತ್ತಿಗೂ ಆರೇ ಮೂಲ.

ಕೈ ಪಳಗಿದ್ದರೆ ಆಗುವ ಲಾಭಕ್ಕೆ ರೈಟ್ ಸಹೋದರರನ್ನು ನೋಡಿ. 1901ರಲ್ಲಿ ಅವರ ಗ್ಲೈಡರ್ ಲೆಕ್ಕ ಹೇಳಿದಷ್ಟು ಮೇಲೆ ಎತ್ತಲಿಲ್ಲ. ಅಳತೆ ಮಾಡುವ ಯಂತ್ರ ಕೊಳ್ಳಲು ಹೋಗಲಿಲ್ಲ. ಮರದ ಪೆಟ್ಟಿಗೆಗೆ ಫ್ಯಾನ್ ಹಾಕಿ ಗಾಳಿ ಸುರಂಗ ಮಾಡಿದರು. ರೆಕ್ಕೆಯನ್ನು ಗಾಳಿ ಎಷ್ಟು ಎತ್ತುತ್ತದೆ ಅಂತ ಅಳೆಯುವ ಒಳಗಿನ ತಕ್ಕಡಿಯನ್ನು ಹ್ಯಾಕ್ಸಾ ಬ್ಲೇಡ್, ಸೈಕಲ್ ಕಡ್ಡಿಗಳಿಂದ ಕಟ್ಟಿದರು. ಸೈಕಲ್ ರಿಪೇರಿಯವರಲ್ವಾ, ಕೈಗೆ ಸಿಕ್ಕಿದ್ದು ಅದೇ.

ಹಾಗಾಗಿ ಮನೆಯಲ್ಲಿ ಕೆಟ್ಟ ಸಾಮಾನು ಗುಜರಿಗೆ ಹೋಗುವ ಮುಂಚೆ ಮಕ್ಕಳ ಕೈಗೆ ಹೋಗಲಿ. ಹಳೇ ಪ್ರಿಂಟರ್ ಅಂದರೆ ನಿಧಿ. ಮೋಟಾರುಗಳು, ಹಲ್ಲುಚಕ್ರಗಳು, ನುಣುಪಾದ ಕಬ್ಬಿಣದ ಸರಳು, ಎಲ್ಲ ಒಂದೇ ಕಡೆ. ಗುಂಡಿರುವ ಹಳೇ ಕಂಪ್ಯೂಟರ್ ಮೌಸ್ ಸಿಕ್ಕರೆ ಬಿಡಬೇಡಿ. ಒಳಗೆ ಸೀಳುಗಳಿರುವ ಎರಡು ಪುಟ್ಟ ಚಕ್ರ ಇರುತ್ತವೆ. ಅವುಗಳ ಸೀಳಿನಲ್ಲಿ ಬೆಳಕು ಹಾದು, ತಡೆದು, ಹಾದು ಹೋಗುವುದನ್ನು ಎಣಿಸಿಯೇ ಮೌಸ್ ಎಷ್ಟು ಸರಿಯಿತು ಅಂತ ಗೊತ್ತಾಗುವುದು. ಬಿಚ್ಚುವ ಮುಂಚೆ ಫೋಟೋ ತೆಗೆಯಲಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದಕ್ಕೆ ಅಂಟಿಸಿಡಲಿ.

ಕೆಲವನ್ನು ಮಾತ್ರ ಮುಟ್ಟಿಸಲೇಬೇಡಿ. ಮೈಕ್ರೋವೇವ್ ಓವನ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಕೂಡಿಟ್ಟುಕೊಳ್ಳುವ ಅದರ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಕ್ಯಾಮೆರಾ ಫ್ಲ್ಯಾಶಿನ ಕೆಪಾಸಿಟರ್ ಸುಮಾರು 300 ವೋಲ್ಟಿನದು. ಉಬ್ಬಿದ ಫೋನ್ ಬ್ಯಾಟರಿ ಚುಚ್ಚಿದರೆ ಬೆಂಕಿ. ಪ್ಲಗ್ಗಿಗೆ ಹಾಕುವ ಯಾವುದನ್ನೇ ಆಗಲಿ, ಗೊತ್ತಿರುವ ದೊಡ್ಡವರು ಮೊದಲು ನೋಡಬೇಕು. ಪ್ರಿಂಟರಿಗೂ ಇದೇ ಮಾತು.

ಸೋಲ್ಡರಿಂಗ್, ಅಂದರೆ ಬಿಸಿ ಐರನ್‌ನಿಂದ ಲೋಹ ಕರಗಿಸಿ ತಂತಿ ಬೆಸೆಯುವುದು, ಯಾವ ವಯಸ್ಸಿಗೆ ಅಂತ ತಂದೆತಾಯಿ ಕೇಳುತ್ತಿರುತ್ತಾರೆ. ನಾನು ವಯಸ್ಸು ನೋಡುವುದಿಲ್ಲ. ಮೊದಲು ತಣ್ಣಗಿರುವ ಐರನ್ ಕೊಟ್ಟು ಕೆಲಸ ಮಾಡಿಸುತ್ತೇನೆ. ಯಾರೂ ನೆನಪಿಸದೆ ಪ್ರತಿ ಸಲ ಅದನ್ನು ಸ್ಟ್ಯಾಂಡಿಗೇ ವಾಪಸ್ ಇಡುವುದು ರೂಢಿಯಾದ ಮೇಲೆ ಬಿಸಿ ಐರನ್. ಸೀಸವಿಲ್ಲದ ಸೋಲ್ಡರ್ ತನ್ನಿ, ಕಣ್ಣಿಗೆ ಕನ್ನಡಕ ಹಾಕಿಸಿ, ಕಿಟಕಿ ತೆಗೆದಿಡಿ, ಪಕ್ಕದಲ್ಲೇ ಕೂತಿರಿ. ಕೈ ಮಾತ್ರ ಹಾಕಬೇಡಿ.