ಮಾರುತನ ಸೊಂಟ

ನನ್ನ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರ್ ಅಲ್ಲ, ಡಾಕ್ಟರುಗಳಿಗೆ ಹಲ್ಲು ಮಾಡಿಕೊಡುವ ಲ್ಯಾಬಿನವನು. ದಾವಣಗೆರೆಯಲ್ಲಿ ಹಲ್ಲಿನ ಕ್ಲಿನಿಕ್‌ಗಳಿಗೆ ಬರ ಇಲ್ಲ, ಹಾಗಾಗಿ ನನಗೂ ಕೆಲಸಕ್ಕೆ ಬರ ಇಲ್ಲ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಮೇಣ, ಪ್ಲಾಸ್ಟರ್, ಅಕ್ರಿಲಿಕ್. ಎಂಟಾದ ಮೇಲೆ ಅದೇ ಟೇಬಲ್ ಮೇಲೆ ವಿಮಾನದ ಮಾಡೆಲ್.

ಈ ಸಲದ್ದು ಎಚ್‌ಎಫ್-24 ಮಾರುತ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಜೆಟ್ ಫೈಟರ್. ಅಳತೆ 48ಕ್ಕೆ 1. ನಿಜವಾದ ವಿಮಾನದ 48 ಸೆಂಟಿಮೀಟರ್ ನನ್ನ ಟೇಬಲ್ ಮೇಲೆ 1 ಸೆಂಟಿಮೀಟರ್. ಹೀಗೆ 15.87 ಮೀಟರ್ ಉದ್ದ 33 ಸೆಂಟಿಮೀಟರ್‌ಗೆ ಇಳಿಯುತ್ತದೆ, ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್ ಇದ್ದದ್ದು 19 ಸೆಂಟಿಮೀಟರ್‌ಗೂ ಒಂಚೂರು ಕಡಿಮೆ. ಯುಗಾದಿಗೆ ಹಿಡಿದೆ, ದೀಪಾವಳಿ ಕಳೆದ ಮೇಲೆ ಮುಗಿಯಿತು. ಅದರಲ್ಲಿ ಮೂರು ತಿಂಗಳು ಬರೀ ಸೊಂಟಕ್ಕೆ ಹೋಯಿತು.

ನಾನು ಈ ವಿಮಾನ ಮೊದಲು ನೋಡಿದ್ದು ಏಳನೇ ಕ್ಲಾಸಿನ ಟ್ರಿಪ್‌ನಲ್ಲಿ. ಕಬ್ಬನ್ ಪಾರ್ಕ್ ಪಕ್ಕ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಬಿಸಿಲಲ್ಲಿ ನಿಂತಿತ್ತು. ಮೇಷ್ಟ್ರು ಟಿಕೆಟ್ ಲೆಕ್ಕ ಹಾಕುತ್ತಿದ್ದಾಗ ನಾನು ಅದರ ಬುಡಕ್ಕೆ ಹೋಗಿ ಕತ್ತೆತ್ತಿ ನೋಡುತ್ತಾ ನಿಂತಿದ್ದೆ. ಆಗ ಅದರ ಹೆಸರೂ ಗೊತ್ತಿರಲಿಲ್ಲ. ಮಾರುತ ಅಂದರೆ ಗಾಳಿ ಅಂತ ಕನ್ನಡ ಪಾಠದಲ್ಲಿ ಓದಿದ್ದೆ, ಅದು ಫೈಟರ್ ಪ್ಲೇನಿನ ಹೆಸರೂ ಹೌದು ಅಂತ ಬೋರ್ಡ್ ನೋಡಿ ತಿಳಿಯಿತು. ಮಧ್ಯದಲ್ಲಿ ಯಾರೋ ಎರಡೂ ಕೈಯಿಂದ ಹಿಡಿದು ಅಮುಕಿದ ಹಾಗೆ ಅದರ ಮೈ ಒಳಗೆ ಹೋಗಿತ್ತು. ಅದೊಂದು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು.

ಆ ಸೊಂಟ ಚಂದಕ್ಕೆ ಮಾಡಿದ್ದಲ್ಲ. ವಿಮಾನವನ್ನು ಸೌತೆಕಾಯಿ ಹಾಗೆ ಮೂಗಿನಿಂದ ಬಾಲದವರೆಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಿರಿ ಅಂದುಕೊಳ್ಳಿ. ಶಬ್ದದ ವೇಗ ಹತ್ತಿರ ಬಂದಾಗ ಗಾಳಿಗೆ ರೆಕ್ಕೆ ಯಾವುದು, ಮೈ ಯಾವುದು ಅನ್ನುವ ಭೇದ ಇಲ್ಲ. ಒಂದೊಂದು ಬಿಲ್ಲೆಯ ಒಟ್ಟು ವಿಸ್ತೀರ್ಣ ಎಷ್ಟು, ಅಷ್ಟೇ ಲೆಕ್ಕ. ಅದು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ರೆಕ್ಕೆ ಶುರುವಾಗುವ ಕಡೆ ಅದು ದಿಢೀರನೆ ಏರುತ್ತದೆ, ಗಾಳಿ ತಡೆಯುತ್ತದೆ. ಹಾಗಾಗಿ ರೆಕ್ಕೆ ಎಷ್ಟು ಸೇರಿಸಿತೋ ಅಷ್ಟನ್ನು ಮೈಯಿಂದ ಕಳೆಯಬೇಕು. ಇದಕ್ಕೆ ಏರಿಯಾ ರೂಲ್ ಅನ್ನುತ್ತಾರೆ.

ಈ ವಿಮಾನ ರೂಪಿಸಿದ ತಂಡದ ಹಿರಿಯ ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಫೋಕ್-ವುಲ್ಫ್ 190 ಫೈಟರ್ ಮಾಡಿದವನು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದ. ಜೆಟ್ ಕಟ್ಟುವ ಮೊದಲು ಇವರು ಅದೇ ಆಕಾರದ, ಅದೇ ಉದ್ದ ಅಗಲದ ಒಂದು ಗ್ಲೈಡರನ್ನು ಮರದಲ್ಲಿ ಮಾಡಿದರು. ಎಂಜಿನ್ ಇಲ್ಲ. ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದು ಬಿಡುವುದು. ಹೀಗೆ 78 ಸಲ ಹಾರಿಸಿ ನೋಡಿದರು. ಅದೂ ಮಾಡೆಲ್ಲೇ ಅಲ್ವಾ? 1ಕ್ಕೆ 1ರ ಅಳತೆಯದು. ಮರ ಕೆತ್ತಲು ಕೂತಾಗಲೆಲ್ಲ ನನಗೆ ಈ ಗ್ಲೈಡರ್ ನೆನಪಾಗುತ್ತಿತ್ತು.

ಮಿಗ್-21, ಸ್ಪಿಟ್‌ಫೈರ್ ಮಾಡುವವರಿಗೆ ಡಬ್ಬಿಯಲ್ಲಿ ಎಲ್ಲಾ ಭಾಗ ಬಂದುಬಿಡುತ್ತದೆ. ಮಾರುತ್ ಕಿಟ್ ನನ್ನ ಕೈಗೆ ಸಿಗಲಿಲ್ಲ. ಎಲ್ಲಾ ಕೈಯಲ್ಲೇ ಆಗಬೇಕು. ಪಕ್ಕದ ಬೀದಿಯ ಬಡಗಿ ರುದ್ರಣ್ಣನ ಹತ್ತಿರ ಒಂದು ಸಿಲ್ವರ್ ಓಕ್ ತುಂಡು ಇಸಿದುಕೊಂಡು ಬಂದೆ. "ಎಷ್ಟು ಕೊಡ್ಲಿ ರುದ್ರಣ್ಣ?" ಅಂದರೆ, "ಬಿಡ್ರಿ, ನಮ್ಮವ್ವಂದು ಕೆಳಗಿನ ಸೆಟ್ಟು ಲೂಜ್ ಆಗೇತಿ, ಒಂಚೂರು ನೋಡ್ರಿ" ಅಂದ. ವ್ಯವಹಾರ ಮುಗಿಯಿತು.

ಚಿತ್ರ ನೋಡಿ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡೆ. ಮೂಗಿನಿಂದ ಇಂತಿಷ್ಟು ದೂರಕ್ಕೆ ಮೈ ಇಷ್ಟೇ ದುಂಡಗೆ ಇರಬೇಕು ಅಂತ ತೋರಿಸುವ ಅರ್ಧ ಚಂದ್ರದಂಥ ತುಂಡುಗಳು. ಕೆತ್ತುವುದು, ಅಚ್ಚು ಇಟ್ಟು ಬೆಳಕಿಗೆ ಹಿಡಿಯುವುದು, ಬೆಳಕು ಸೋರಿದರೆ ಮತ್ತೆ ಕೆತ್ತುವುದು. ಹಲ್ಲಿನ ಸೆಟ್ಟು ಕೂರಿಸುವಾಗಲೂ ನಾವು ಇದನ್ನೇ ಮಾಡುವುದು. ಆರು ವಾರದಲ್ಲಿ ಮೈ ತಯಾರಾಯಿತು. ಪ್ರೈಮರ್ ಹೊಡೆದು ಕಿಟಕಿ ಹತ್ತಿರ ಇಟ್ಟೆ. ಎರಡು ದಿನ ನೋಡಿದೆ. ಏನೋ ಸರಿ ಇಲ್ಲ. ಮಾರುತ್ ಅಂತ ಅನ್ನಿಸುತ್ತಲೇ ಇಲ್ಲ.

"ಇದು ಊಟ ಆದ್ಮೇಲೆ ಮಲಗಿರೋ ಹಾಗಿದೆ ಕಣ್ರೀ" ಅಂದಳು ಹೆಂಡತಿ. ಕೋಪ ಬಂತು. ಆದರೆ ಅವಳು ಹೇಳಿದ್ದು ನಿಜ.

ತಪ್ಪು ಎಲ್ಲಿ ಅಂತ ಹುಡುಕಲು ವಾರ ಹಿಡಿಯಿತು. ನಾನು ಅಚ್ಚಿಗೆ ಬಳಸಿದ ಫೋಟೋಗಳಲ್ಲಿ ಅರ್ಧ ನಾನೇ ಮೊಬೈಲಲ್ಲಿ ತೆಗೆದದ್ದು, ವಿಮಾನದ ಮೈಗೆ ಅಂಟಿಕೊಂಡ ಹಾಗೆ ನಿಂತು. ಹತ್ತಿರದಿಂದ ತೆಗೆದರೆ ಹತ್ತಿರದ್ದು ಉಬ್ಬುತ್ತದೆ, ದೂರದ್ದು ಕುಗ್ಗುತ್ತದೆ. ಸೆಲ್ಫಿಯಲ್ಲಿ ಮೂಗು ಬದನೆಕಾಯಿ ಆಗೋದಿಲ್ವಾ, ಹಾಗೆ. ಆ ಉಬ್ಬನ್ನೇ ನಾನು ನಿಷ್ಠೆಯಿಂದ ಕೆತ್ತಿಟ್ಟಿದ್ದೆ. ಸೊಂಟ ಎರಡೂ ಕಡೆ ಒಂದೊಂದು ಮಿಲಿಮೀಟರ್ ಜಾಸ್ತಿ. ಒಂದು ಮಿಲಿಮೀಟರ್ ಅಂದರೆ ನಿಜವಾದ ವಿಮಾನದಲ್ಲಿ 48 ಮಿಲಿಮೀಟರ್. ಎರಡೂ ಕಡೆ ಸೇರಿಸಿದರೆ ಒಂದು ಗೇಣಿನ ಅರ್ಧ.

ಮುಂದಿನ ಭಾನುವಾರ ಬೆಂಗಳೂರಿಗೆ ಹೋದೆ. ಈ ಸಲ ಎಚ್‌ಎಎಲ್‌ನ ಹೆರಿಟೇಜ್ ಸೆಂಟರ್‌ಗೆ. 2001ರಲ್ಲಿ ತೆರೆದ ಮ್ಯೂಸಿಯಂ, ಅಲ್ಲೂ ಮಾರುತ್ ಇದೆ. ನನ್ನ ಷಡ್ಡಕನ ಜೂಮ್ ಕ್ಯಾಮರಾ ಇಸಿದುಕೊಂಡಿದ್ದೆ. ಸಾಧ್ಯವಾದಷ್ಟು ಹಿಂದೆ ಹೋಗಿ, ಜೂಮ್ ಹಾಕಿ, ನೇರ ಪಕ್ಕದಿಂದ, ನೇರ ಮುಂದಿನಿಂದ ತೆಗೆದೆ. ಪೂರ್ತಿ ಉದ್ದ 15.87 ಮೀಟರ್ ಅಂತ ಗೊತ್ತಿರುವುದರಿಂದ ಫೋಟೋದಲ್ಲೇ ಸ್ಕೇಲ್ ಇಟ್ಟು ಉಳಿದ ಅಳತೆ ಹೊರತೆಗೆಯಬಹುದು. ಅಲ್ಲಿನ ವಾಚ್‌ಮನ್ ಬಂದು, "ಸರ್, ಎಲ್ಲರೂ ವಿಮಾನದ ಪಕ್ಕ ನಿಂತ್ಕೊಂಡು ತೆಗೆಸ್ಕೋತಾರೆ, ನೀವ್ಯಾಕೆ ಗಿಡದ ಹಿಂದಿದ್ದೀರ?" ಅಂತ ಕೇಳಿದರು.

ವಾಪಸ್ ಬರುವಾಗ ಆಟೋ ಸುರಂಜನ್ ದಾಸ್ ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತಿತು. ಬೋರ್ಡ್ ಓದಿದೆ. 1961ರ ಜೂನ್ 17ರಂದು ಮೊದಲ ಮಾರುತ್ ಹಾರಿಸಿದವರು ಇವರೇ, ವಿಂಗ್ ಕಮಾಂಡರ್ ಸುರಂಜನ್ ದಾಸ್. 1970ರ ಜನವರಿ 10ರಂದು ಇನ್ನೊಂದು ಮಾರುತ್‌ನಲ್ಲೇ ತೀರಿಕೊಂಡರು. ಅದು ಎಂಜಿನ್‌ಗೆ ಆಫ್ಟರ್‌ಬರ್ನರ್ (ಹಿಂದಿನ ಕೊಳವೆಯಲ್ಲಿ ಇನ್ನಷ್ಟು ಇಂಧನ ಉರಿಸಿ ಶಕ್ತಿ ಹೆಚ್ಚಿಸುವ ಭಾಗ) ಜೋಡಿಸಿ ಪರೀಕ್ಷೆ ಮಾಡುತ್ತಿದ್ದ ವಿಮಾನ. ಮಾರುತ್ ಕಥೆಯ ಗಂಟು ಇರುವುದೇ ಈ ಎಂಜಿನ್‌ನಲ್ಲಿ. ಮೈ ರೂಪಿಸಿದ್ದು ಶಬ್ದದ ಎರಡು ಪಟ್ಟು ವೇಗದ ಆಸೆಯಿಂದ. ಅದಕ್ಕೆ ಬೇಕಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಬ್ರಿಟನ್‌ನಲ್ಲಿ ತಯಾರಾಗಲೇ ಇಲ್ಲ. ಕೊನೆಗೆ ಕೂತದ್ದು ಆರ್ಫಿಯಸ್ 703, ಎರಡು. ಈಜಿಪ್ಟಿನ ಎಂಜಿನ್ ಹಾಕಿ ನೋಡುವ ಪ್ರಯತ್ನವೂ ಆಯಿತು, ದಡ ಸೇರಲಿಲ್ಲ. ಹಾಗಾಗಿ ಮಾರುತ್ ಶಬ್ದದ ವೇಗದ ಹೊಸ್ತಿಲವರೆಗೆ ಮಾತ್ರ ಹೋಯಿತು. ಆದರೂ 147 ಮಾಡಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಒಳ್ಳೆಯ ಕೆಲಸ ಮಾಡಿತು, ಒಂದು ಎಂಜಿನ್ ಹೋದರೂ ಇನ್ನೊಂದರಲ್ಲಿ ಮನೆ ಸೇರಿದ ಉದಾಹರಣೆಗಳಿವೆ. ಸೋತ ವಿಮಾನ ಅಂತ ಕರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಎರಡನೇ ತುಂಡು ಕೇಳಲು ಹೋದಾಗ ರುದ್ರಣ್ಣ ನಕ್ಕ. ಅವನ ಅವ್ವನ ಸೆಟ್ಟು ಸರಿ ಹೋಗಿತ್ತು, ಹಾಗಾಗಿ ಈ ಸಲ ನೂರು ರೂಪಾಯಿ ಇಸಿದುಕೊಂಡ.

ಸೊಂಟ ಸರಿ ಬಂದ ಮೇಲೆ ಉಳಿದದ್ದರಲ್ಲಿ ನನಗೆ ನನ್ನ ಕಸುಬೇ ಸಹಾಯಕ್ಕೆ ಬಂತು. ಕಾಕ್‌ಪಿಟ್ ಮತ್ತು ಹಿಂದಿನ ಎರಡು ಹೊಗೆ ಕೊಳವೆಗಳನ್ನು ಮೈಕ್ರೋಮೋಟರ್‌ಗೆ ಬರ್, ಅಂದರೆ ಕೊರೆಯುವ ಸಣ್ಣ ಮೊನೆ, ಹಾಕಿ ಕೊರೆದೆ. ಮೈಯ ಎರಡೂ ಬದಿ ಗಾಳಿ ಒಳಗೆ ಹೋಗುವ ಬಾಯಿ ಇದೆಯಲ್ಲ, ಅದರಲ್ಲಿ ಅರ್ಧ ಶಂಕುವಿನಂಥ ಉಬ್ಬು ಕೂತಿರುತ್ತದೆ. ಅದನ್ನು ಮೇಣದಲ್ಲಿ ಕೆತ್ತಿ, ಸಿಲಿಕೋನ್ ಪುಟ್ಟಿಯಲ್ಲಿ ಅಚ್ಚು ತೆಗೆದು, ಕೋಲ್ಡ್ ಕ್ಯೂರ್ ಅಕ್ರಿಲಿಕ್, ಅಂದರೆ ಬಿಸಿ ಮಾಡದೆ ತಾನೇ ಗಟ್ಟಿಯಾಗುವ ಹಲ್ಲಿನ ಸೆಟ್ಟಿನ ಪ್ಲಾಸ್ಟಿಕ್, ಸುರಿದೆ. ಚಕ್ರಗಳೂ ಹಾಗೇ. ಗುಲಾಬಿ ಬಣ್ಣದ ಚಕ್ರ ನೋಡಿ ಲ್ಯಾಬಿನ ಹುಡುಗ, "ಅಣ್ಣ, ಇದಕ್ಕೆ ವಸಡು ಬೇರೆ ಬಂದಿದೆ" ಅಂದ.

ಪೈಲಟ್ ಸೀಟಿನ ಬೆಲ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹಲ್ಲಿನ ಎಕ್ಸ್‌ರೇ ಫಿಲ್ಮ್ ಪ್ಯಾಕೆಟ್ ಒಳಗೆ ತೆಳ್ಳನೆ ಸೀಸದ ಹಾಳೆ ಇರುತ್ತದೆ. ಅದನ್ನು ಒಂದು ಮಿಲಿಮೀಟರ್ ಅಗಲಕ್ಕೆ ಸೀಳಿದರೆ 48ರ ಅಳತೆಗೆ ಹೇಳಿ ಮಾಡಿಸಿದ ಬೆಲ್ಟ್. ಸೀಟಿನ ಮೇಲೆ ಬಿಟ್ಟರೆ ಬಟ್ಟೆ ಹಾಗೆ ಜೋತು ಬೀಳುತ್ತದೆ, ಕಾಗದದ ಹಾಗೆ ಸೆಟೆದುಕೊಳ್ಳುವುದಿಲ್ಲ. ಆಮೇಲೆ ಕೈ ಚೆನ್ನಾಗಿ ತೊಳೆಯಬೇಕು, ಸೀಸ ಅಲ್ವಾ. ಈಗ ಕ್ಲಿನಿಕ್‌ಗಳೆಲ್ಲ ಡಿಜಿಟಲ್ ಸೆನ್ಸರ್‌ಗೆ ಹೋಗಿವೆ, ಫಿಲ್ಮ್ ಸಿಗುವುದೇ ಅಪರೂಪ. ಹಳೇ ಡಾಕ್ಟರೊಬ್ಬರ ಡ್ರಾಯರ್‌ನಲ್ಲಿ ಒಂದು ಡಬ್ಬಿ ಉಳಿದಿತ್ತು. ನಾನು ಅದನ್ನು ಚಿನ್ನದ ಹಾಗೆ ಇಟ್ಟುಕೊಂಡಿದ್ದೇನೆ.

ಕಾಕ್‌ಪಿಟ್ ಮೇಲಿನ ಗಾಜಿಗೆ ನಮ್ಮ ವ್ಯಾಕ್ಯೂಮ್ ಮಷೀನ್. ರಾತ್ರಿ ಹಲ್ಲು ಕಡಿಯುವವರಿಗೆ ಪಾರದರ್ಶಕ ಕವಚ ಮಾಡಿಕೊಡುತ್ತೇವಲ್ಲ, ಅದೇ ಮಷೀನ್. ಡೆಂಟಲ್ ಸ್ಟೋನ್ ಅನ್ನುವ ಗಟ್ಟಿ ಪ್ಲಾಸ್ಟರಿನಲ್ಲಿ ಗಾಜಿನ ಆಕಾರದ ಅಚ್ಚು ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಸಿ ಮಾಡಿ ಎಳೆದರೆ ಮುಗಿಯಿತು ಅಂದುಕೊಂಡಿದ್ದೆ. ಮೊದಲ ನಾಲ್ಕೂ ಹಾಳು. ಒಂದರಲ್ಲಿ ಗುಳ್ಳೆ, ಅಚ್ಚು ಪೂರ್ತಿ ಒಣಗಿರಲಿಲ್ಲ. ಇನ್ನೊಂದರಲ್ಲಿ ಅಚ್ಚಿನ ಮೇಲಿದ್ದ ಒಂದು ಕೂದಲಿನ ಗೆರೆ ಹಾಗೇ ಮೂಡಿತ್ತು. ಅಚ್ಚನ್ನು ಉಗುರು ಜಾರುವ ಹಾಗೆ ಉಜ್ಜಿದ ಮೇಲೆ ಐದನೆಯದು ನೀರಿನ ಹಾಗೆ ಬಂತು.

ಕಸುಬು ಕೈಕೊಟ್ಟದ್ದೂ ಇದೆ. ರೆಕ್ಕೆಯನ್ನು ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್ ಹಾಳೆಯ ಪದರಗಳಿಂದ ಮಾಡಿದ್ದೆ. ಮೈ ಸೇರುವ ಕಡೆ ಸಂದು ಉಳಿಯಿತು. ಪುಟ್ಟಿ ಯಾಕೆ, ಕೈಗೆ ಸಿಗುವ ಕೋಲ್ಡ್ ಕ್ಯೂರ್ ತುಂಬಿಬಿಡೋಣ ಅಂತ ತುಂಬಿದೆ. ಅದರ ಪುಡಿಗೆ ಕಲಸುವ ಮೊನೊಮರ್ ದ್ರವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಇಪ್ಪತ್ತು ವರ್ಷದಿಂದ ಅದರ ವಾಸನೆ ಕುಡಿದವನಿಗೆ ಇದು ಹೊಳೆಯಬೇಕಿತ್ತು. ಊಟ ಮಾಡಿ ಬಂದು ನೋಡಿದರೆ ರೆಕ್ಕೆ ಹಪ್ಪಳದ ಹಾಗೆ ಸುರುಟಿತ್ತು. ಎಡಗಡೆದು ಹೊಸದಾಗಿ ಮಾಡಿದೆ.

ರಿವೆಟ್ ವಿಷಯಕ್ಕೆ ನನ್ನದೊಂದು ಜಗಳ ಇದೆ. ಮಾಡೆಲ್ ಮಾಡುವವರಲ್ಲಿ ಒಂದು ಪಂಗಡ ಒಂದೊಂದು ರಿವೆಟ್ಟನ್ನೂ ಎಣಿಸಿ ಚುಚ್ಚುತ್ತದೆ. ಲೆಕ್ಕ ಹಾಕಿ ನೋಡಿ. ನಿಜವಾದ ರಿವೆಟ್ಟಿನ ತಲೆ 5 ಮಿಲಿಮೀಟರ್ ಇದೆ ಅಂದುಕೊಂಡರೂ 48ರ ಅಳತೆಯಲ್ಲಿ ಅದು 0.1 ಮಿಲಿಮೀಟರ್. ನನ್ನ ಅತಿ ಸಣ್ಣ ಸೂಜಿ ಕೂಡ ಅದಕ್ಕಿಂತ ದೊಡ್ಡ ತೂತು ಮಾಡುತ್ತದೆ. ತಗಡು ಕೂಡುವ ಗೆರೆಯನ್ನು 0.2 ಮಿಲಿಮೀಟರ್‌ಗೆ ಗೀರಿದರೂ ನಿಜವಾದ ವಿಮಾನದಲ್ಲಿ ಅದು ಸುಮಾರು ಒಂದು ಸೆಂಟಿಮೀಟರ್ ಸಂದು. ಅಂಥ ಸಂದಿರುವ ವಿಮಾನದಲ್ಲಿ ನಾನಂತೂ ಕೂರುವುದಿಲ್ಲ. ಹಾಗಾಗಿ ಗೆರೆಗಳನ್ನು ಸಾಧ್ಯವಾದಷ್ಟು ನವಿರಾಗಿ ಗೀರಿದೆ, ರಿವೆಟ್ಟನ್ನು ಮೂರು ನಾಲ್ಕು ಕಡೆ ಬಿಟ್ಟರೆ ಬೇರೆಲ್ಲೂ ಚುಚ್ಚಲಿಲ್ಲ. ಆಕಾರ ತಪ್ಪಿದರೆ ಸಾವಿರ ರಿವೆಟ್ಟು ಹೊಡೆದರೂ ಅದು ಬೇರೆ ವಿಮಾನ.

ಬಣ್ಣ ಬೆಳ್ಳಿ. ಹಸಿರು ಬೂದು ಪಟ್ಟೆಯಾಗಿದ್ದರೆ ಸುಲಭ ಇತ್ತು, ತಪ್ಪುಗಳು ಅದರಡಿ ಮುಚ್ಚಿಹೋಗುತ್ತವೆ. ಬರಿ ಲೋಹದ ಬಣ್ಣಕ್ಕೆ ದಾಕ್ಷಿಣ್ಯ ಇಲ್ಲ. ಮೊದಲು ಹೊಳೆಯುವ ಕಪ್ಪು ಹೊಡೆದು, ಮುಖ ಕಾಣುವ ಹಾಗೆ ಉಜ್ಜಿ, ಅದರ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ತೆಳ್ಳಗೆ ಏರ್‌ಬ್ರಷ್ ಮಾಡಬೇಕು. ಒಂದೊಂದು ತಗಡಿಗೆ ಒಂದೊಂದು ಛಾಯೆ, ಹಿಂದೆ ಕೊಳವೆ ಹತ್ತಿರ ಶಾಖಕ್ಕೆ ಕಂದಿದ ಹಾಗೆ ಒಂಚೂರು ಕಂದು. ಪ್ಲಾಸ್ಟರ್ ಧೂಳಿನ ಲ್ಯಾಬಿನಲ್ಲಿ ಇದು ಆಗದ ಮಾತು. ರಾತ್ರಿ ಹನ್ನೊಂದಕ್ಕೆ ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಹಬೆಗೆ ಧೂಳು ಕೂತ ಮೇಲೆ, ಅಲ್ಲೇ ಮಣೆ ಹಾಕಿಕೊಂಡು ಮಾಸ್ಕ್ ಕಟ್ಟಿಕೊಂಡು ಹೊಡೆದೆ. ಬೆಳಿಗ್ಗೆ ಬಕೆಟ್ಟಿನ ಹಿಡಿಕೆಯೂ ಬೆಳ್ಳಿ ಆಗಿತ್ತು. ಅದರ ಬಗ್ಗೆ ಮನೆಯಲ್ಲಿ ನಡೆದ ಮಾತು ಇಲ್ಲಿ ಬೇಡ.

ವಾಯುಪಡೆಯ ವೃತ್ತಗಳನ್ನೂ ಬಣ್ಣದಲ್ಲೇ ಮಾಡಿದೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮಾಮೂಲಿ ಪ್ರಿಂಟರ್ ಬಿಳಿ ಬಣ್ಣ ಮುದ್ರಿಸುವುದಿಲ್ಲ, ಹಾಗಾಗಿ ಟೇಪಿನಲ್ಲಿ ವೃತ್ತ ಕೊರೆದು ಮೊದಲು ಬಿಳಿ, ಆಮೇಲೆ ಉಳಿದವು. ಕೇಸರಿ ಮೂರು ಸಲ ಕಲಸಿದೆ. ಒಮ್ಮೆ ಕಿತ್ತಳೆ ಆಯಿತು, ಒಮ್ಮೆ ಇಟ್ಟಿಗೆ.

ಈಗ ಅದು ಲ್ಯಾಬಿನ ಗಾಜಿನ ಕಪಾಟಿನಲ್ಲಿ, ಮೇಲ್ದವಡೆ ಕೆಳದವಡೆಗಳ ಸಾಲಿನ ಮೇಲಿನ ಹಂತದಲ್ಲಿ ನಿಂತಿದೆ. ಮುಂದಿನ ಚಕ್ರದ ಬಾಗಿಲು ಎರಡು ಸಲ ಬಿದ್ದಿದೆ, ಇನ್ನೊಮ್ಮೆ ಅಂಟಿಸಬೇಕು. ಮೊದಲು ಕೆತ್ತಿದ ದಪ್ಪ ಸೊಂಟದ್ದನ್ನು ಎಸೆಯಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಜೋರು ಗಾಳಿ ಬಂದಾಗ ಲ್ಯಾಬಿನ ಬಾಗಿಲು ಪಟಪಟ ಬಡಿಯುತ್ತಿತ್ತು. ಈಗ ಹುಡುಗ ಅದನ್ನೇ ಅಡ್ಡ ಇಡುತ್ತಾನೆ.