ಸೋಲಾರ್ ಪ್ಯಾನೆಲ್ ಕೊಳ್ಳುವ ಮುಂಚೆ ಅದರ ಬೆನ್ನು ನೋಡಿ

ತುಮಕೂರಿನಲ್ಲಿ ಮನೆಗೆ 3 ಕಿಲೋವಾಟ್ ಸೋಲಾರ್ ಬೇಕೆಂದು ಮೂರು ಕಡೆ ಕೊಟೇಷನ್ ಕೇಳಿದರೆ ಮೂರೂ ಒಂದೊಂದು ತರಹ ಇರುತ್ತವೆ. ಒಬ್ಬರು 540 ವಾಟ್‌ನ ಆರು ಮೋನೋ ಪರ್ಕ್ ಪ್ಯಾನೆಲ್ ಬರೆದಿರುತ್ತಾರೆ, ಇನ್ನೊಬ್ಬರು 590 ವಾಟ್‌ನ ಐದು ಟಾಪ್‌ಕಾನ್, ಮತ್ತೊಬ್ಬರು ‘ಬೈಫೇಶಿಯಲ್, ಎರಡೂ ಕಡೆಯಿಂದ ಕರೆಂಟ್’ ಎಂದು. ಪರ್ಕ್, ಟಾಪ್‌ಕಾನ್ ಅಂದರೆ ಬೆಳಕನ್ನು ಕರೆಂಟ್ ಮಾಡುವ ಒಳಗಿನ ಸೆಲ್‌ಗಳ ಎರಡು ಬಗೆ, ಟಾಪ್‌ಕಾನ್ ಹೊಸದು. ಕಣ್ಣಿಗೆ ಬೀಳುವುದು ಮಾತ್ರ ಕೆಳಗಿನ ಒಟ್ಟು ಮೊತ್ತ. ಅದನ್ನು ಹೋಲಿಸುವ ಮುಂಚೆ ಒಂದು ಗುಣಾಕಾರ ಮಾಡಿ. ಆರು ಸಲ 540 ಅಂದರೆ 3,240 ವಾಟ್, ಐದು ಸಲ 590 ಅಂದರೆ 2,950 ವಾಟ್. ಎರಡನ್ನೂ ‘3 ಕಿಲೋವಾಟ್’ ಎಂದೇ ಮಾರುತ್ತಾರೆ, ಆದರೆ ನಡುವೆ 290 ವಾಟ್ ವ್ಯತ್ಯಾಸ ಇದೆ. ಮೊತ್ತವನ್ನು ಒಟ್ಟು ವಾಟ್‌ನಿಂದ ಭಾಗಿಸಿ, ಒಂದು ವಾಟ್‌ಗೆ ಎಷ್ಟು ಬಿತ್ತು ಎಂದು ನೋಡಿದರೆ ಹೋಲಿಕೆ ಶುರುವಾಗುತ್ತದೆ. ಜೊತೆಗೆ ತೆರಿಗೆ ಸೇರಿದೆಯೋ ಇಲ್ಲವೋ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಶೇ 70 ಸಾಮಾನು, ಶೇ 30 ಕೆಲಸ ಎಂಬ ಲೆಕ್ಕದಲ್ಲಿ, ಕೆಲಸದ ಮೇಲಿನ ಹೆಚ್ಚಿನ ತೆರಿಗೆಯೂ ಸೇರಿ, ಒಟ್ಟಾರೆ ಶೇ 8.9 ಬೀಳಬೇಕು. ಹಳೆಯ ಶೇ 13.8 ಹಾಕಿದ್ದರೆ ತಿದ್ದಿಸಿ.

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಿಸಿಲಿಗೆ ಬರ ಇಲ್ಲ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಸುಮ್ಮನೆ ಬಂದಿಲ್ಲ. ಆದರೆ ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿ ಅಲ್ಲ. ಬಿಸಿ ಏರಿದಷ್ಟೂ ಅದರ ಶಕ್ತಿ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದರಲ್ಲೇ ಒಂದು ಪ್ಯಾನೆಲ್‌ಗೂ ಇನ್ನೊಂದಕ್ಕೂ ನಿಜವಾದ ವ್ಯತ್ಯಾಸ ಇರುವುದು.

ಪ್ಯಾನೆಲ್ ಹಿಂದೆ ಅಂಟಿಸಿರುವ ಲೇಬಲ್‌ನಲ್ಲಿ ಬರೆದ ವಾಟ್ ಪ್ರಯೋಗಶಾಲೆಯದು: ಚದರ ಮೀಟರ್‌ಗೆ 1,000 ವಾಟ್ ಬೆಳಕು, ಸೆಲ್‌ನ ಬಿಸಿ 25 ಡಿಗ್ರಿ. ನಮ್ಮ ತಾರಸಿಯ ಮೇಲೆ ಮಟಮಟ ಮಧ್ಯಾಹ್ನ ಸೆಲ್ 25 ಡಿಗ್ರಿಯಲ್ಲಿ ಇರುವುದೇ ಇಲ್ಲ. ಲೆಕ್ಕ ಹೀಗೆ. ಕಂಪನಿ ಕೊಡುವ ವಿವರಪಟ್ಟಿ, ಅಂದರೆ ಡೇಟಾಶೀಟ್‌ನಲ್ಲಿ ಎನ್‌ಒಸಿಟಿ ಎಂಬ ಸಾಲು ಇರುತ್ತದೆ. ಹೊರಗೆ 20 ಡಿಗ್ರಿ, ಬೆಳಕು 800 ವಾಟ್ ಇದ್ದಾಗ ಸೆಲ್ ಎಷ್ಟು ಕಾಯುತ್ತದೆ ಎಂಬುದು ಅದು, ಹೆಚ್ಚಿನವುಗಳಲ್ಲಿ 45 ಡಿಗ್ರಿ ಆಸುಪಾಸು. ಅದರಲ್ಲಿ 20 ಕಳೆದು, 800ರಿಂದ ಭಾಗಿಸಿ, 1,000ದಿಂದ ಗುಣಿಸಿದರೆ ಸುಮಾರು 31. ಏಪ್ರಿಲ್‌ನಲ್ಲಿ ಹೊರಗೆ 36 ಡಿಗ್ರಿ ಇದ್ದರೆ ಸೆಲ್ 67 ಡಿಗ್ರಿಗೆ ಹೋಗುತ್ತದೆ, ಲೇಬಲ್ ಲೆಕ್ಕಕ್ಕಿಂತ 42 ಡಿಗ್ರಿ ಜಾಸ್ತಿ. ಇನ್ನು ಡೇಟಾಶೀಟ್‌ನ ‘ಟೆಂಪರೇಚರ್ ಕೋಎಫಿಶಿಯೆಂಟ್’ ಸಾಲು ನೋಡಿ. ಪಾಲಿ ಎಂಬ ಹಳೆಯ ಬಗೆಯ ಪ್ಯಾನೆಲ್‌ಗಳಲ್ಲಿ ಡಿಗ್ರಿಗೆ ಶೇ 0.40 ಇಳಿಕೆ, ಮೋನೋ ಪರ್ಕ್‌ನಲ್ಲಿ ಶೇ 0.35, ಟಾಪ್‌ಕಾನ್‌ನಲ್ಲಿ ಶೇ 0.29ರ ಸುತ್ತಮುತ್ತ. 42ರಿಂದ ಗುಣಿಸಿದರೆ ನಷ್ಟ ಕ್ರಮವಾಗಿ ಶೇ 16.8, 14.7, 12.2. ಅಂದರೆ 550 ವಾಟ್ ಎಂದು ಬರೆದ ಪರ್ಕ್ ಆ ಹೊತ್ತಿನಲ್ಲಿ 469 ವಾಟ್ ಕೊಟ್ಟರೆ, ಅದೇ 550ರ ಟಾಪ್‌ಕಾನ್ 483 ಕೊಡುತ್ತದೆ. ಪ್ಯಾನೆಲ್‌ಗೆ 14 ವಾಟ್. ಡಿಸೆಂಬರ್ ಚಳಿಯಲ್ಲಿ ಈ ವ್ಯತ್ಯಾಸ ಕಡಿಮೆಯಾಗುತ್ತದೆ.

ಎರಡನೆಯದು ಸವೆತ. ಪರ್ಕ್‌ಗೆ ಸಾಮಾನ್ಯವಾಗಿ ಕೊಡುವ ಮಾತು ಮೊದಲ ವರ್ಷ ಶೇ 2, ಆಮೇಲೆ ವರ್ಷಕ್ಕೆ ಶೇ 0.55. 25ನೇ ವರ್ಷಕ್ಕೆ ಶೇ 84.8 ಉಳಿಯುತ್ತದೆ. ಟಾಪ್‌ಕಾನ್‌ಗೆ ಮೊದಲ ವರ್ಷ ಶೇ 1, ಆಮೇಲೆ ಶೇ 0.4, ಅಂದರೆ 25ನೇ ವರ್ಷಕ್ಕೆ ಶೇ 89.4. ಬಿಸಿ, ಸವೆತ ಎರಡನ್ನೂ ಕೂಡಿಸಿದರೆ ಇಡೀ ಆಯುಷ್ಯದಲ್ಲಿ ಟಾಪ್‌ಕಾನ್ ಶೇ 4ರಿಂದ 5ರಷ್ಟು ಹೆಚ್ಚು ಯೂನಿಟ್ ಕೊಡುತ್ತದೆ ಎಂದು ಇಟ್ಟುಕೊಳ್ಳಬಹುದು. ಪ್ಯಾನೆಲ್ ಬೆಲೆಯಲ್ಲಿ ವ್ಯತ್ಯಾಸ ಶೇ 5ರೊಳಗೆ ಇದ್ದರೆ ಟಾಪ್‌ಕಾನ್ ತಗೊಳ್ಳಿ. ಶೇ 10 ದಾಟಿದರೆ, ಜಾಗವೂ ಇದ್ದರೆ, ಪರ್ಕ್ ಸಾಕು, ಉಳಿದ ದುಡ್ಡನ್ನು ಪ್ಯಾನೆಲ್ ಕೂರಿಸುವ ಕಬ್ಬಿಣದ ಸ್ಟ್ರಕ್ಚರ್‌ಗೆ ಹಾಕಿ. 330 ವಾಟ್‌ನ ಪಾಲಿ ಹಳೇ ಸ್ಟಾಕ್ ಅಗ್ಗಕ್ಕೆ ಸಿಕ್ಕರೂ ಹೊಸ ಮನೆಗೆ ಬೇಡ. ಅದೇ ವಾಟ್‌ಗೆ ಜಾಗ ಜಾಸ್ತಿ ತಿನ್ನುತ್ತದೆ, ಕಬ್ಬಿಣವೂ ಜಾಸ್ತಿ ಬೇಕು.

ಬೈಫೇಶಿಯಲ್ ವಿಷಯದಲ್ಲಿ ಜನ ಮೋಸ ಹೋಗುವುದು ಹೆಚ್ಚು. ಹಿಂಬದಿಗೂ ಬೆಳಕು ಬಿದ್ದರೆ ಕರೆಂಟ್ ಬರುವುದು ನಿಜ. ಆದರೆ ಬೆಳಕು ಬೀಳಬೇಕಲ್ಲ? ತಾರಸಿಯಿಂದ ಒಂದಡಿ ಎತ್ತರದಲ್ಲಿ, ಪಾಚಿ ಕಟ್ಟಿ ಕಪ್ಪಾದ ಕಾಂಕ್ರೀಟ್ ಮೇಲೆ ಹಾಕಿದರೆ ಹಿಂಬದಿಯಿಂದ ಸಿಗುವುದು ಲೆಕ್ಕಕ್ಕೆ ಬಾರದಷ್ಟು. ಕೆಳಗೆ ಓಡಾಡುವ ಹಾಗೆ ಏಳೆಂಟು ಅಡಿ ಎತ್ತರಿಸಿ, ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆದಿದ್ದರೆ ಶೇ 5ರಿಂದ 10 ಲಾಭ ನಿರೀಕ್ಷಿಸಬಹುದು. ಹಿಂದೆಯೂ ಗಾಜಿರುವ ಪ್ಯಾನೆಲ್ ತೂಕದಲ್ಲಿ 32 ಕಿಲೋ ಹತ್ತಿರ, ಒಂದೇ ಗಾಜಿನದು 28. ಎತ್ತರದ ಸ್ಟ್ರಕ್ಚರ್‌ಗೆ ಗಾಳಿಯ ಹೊಡೆತವೂ ಜಾಸ್ತಿ, ಆದ್ದರಿಂದ ಕಂಬಗಳನ್ನು ಬರೀ ತಾರಸಿಗೆ ಕೂರಿಸದೆ ಪಿಲ್ಲರ್ ಅಥವಾ ಬೀಮ್ ಇರುವ ಜಾಗ ನೋಡಿ ನಿಲ್ಲಿಸಬೇಕು. ಹಾಟ್ ಡಿಪ್ ಮಾಡಿದ (ಕರಗಿದ ಸತುವಿನಲ್ಲಿ ಅದ್ದಿದ) ಜಿಐ, 80 ಮೈಕ್ರಾನ್ ಲೇಪ ಎಂದು ಕೊಟೇಷನ್‌ನಲ್ಲೇ ಬರೆಸಿ. ಬೆಳ್ಳಿ ಬಣ್ಣ ಬಳಿದ ಕಬ್ಬಿಣ ಎರಡೇ ಮಳೆಗಾಲಕ್ಕೆ ವೆಲ್ಡಿಂಗ್ ಜಾಗದಲ್ಲಿ ತುಕ್ಕು ಬಿಡುತ್ತದೆ.

ಸಬ್ಸಿಡಿ ಬೇಕೆಂದರೆ ಆಯ್ಕೆಗೆ ಇನ್ನೊಂದು ಕಟ್ಟು ಬೀಳುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ಕ್ಕೆ ಮಿತಿ. ಪ್ಯಾನೆಲ್ ಒಟ್ಟು ವಾಟ್, ಅದರ ಕರೆಂಟನ್ನು ಮನೆಗೆ ಹೊಂದಿಸುವ ಇನ್ವರ್ಟರ್‌ನ ವಾಟ್ ಎರಡರಲ್ಲಿ ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. 590ರ ಐದು ಪ್ಯಾನೆಲ್ ಹಾಕಿದವರಿಗೆ ಪೂರ್ತಿ 78,000 ಬಾರದಿರುವುದು ಇಲ್ಲೇ. ಪ್ಯಾನೆಲ್ ಡಿಸಿಆರ್ ಆಗಿರಬೇಕು, ಅಂದರೆ ಪ್ಯಾನೆಲ್ ಅಷ್ಟೇ ಅಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ವಾರೀ, ಟಾಟಾ ಪವರ್, ಅದಾನಿ, ವಿಕ್ರಮ್, ನಮ್ಮ ಬೆಂಗಳೂರಿನ ಎಮ್ಮ್‌ವೀ ಎಂದು ಹೆಸರು ಹೇಳಿದ ಮಾತ್ರಕ್ಕೆ ಡಿಸಿಆರ್ ಎಂದಲ್ಲ. ಹೊರಗಿನ ಸೆಲ್ ಹಾಕಿ ಇಲ್ಲೇ ಜೋಡಿಸಿದ ಪ್ಯಾನೆಲ್‌ಗಳೂ ಭಾರತೀಯ ಹೆಸರಿನಲ್ಲೇ ಮಾರಾಟವಾಗುತ್ತವೆ. ಪೂರ್ತಿ ಮಾಡೆಲ್ ನಂಬರ್ ಬರೆಸಿಕೊಂಡು, ಅದು ಸರ್ಕಾರ ಒಪ್ಪಿದ ಮಾಡೆಲ್‌ಗಳ ಎಎಲ್‌ಎಂಎಂ ಪಟ್ಟಿಯಲ್ಲಿ ಇದೆಯೇ ನೋಡಿ, ಡಿಸಿಆರ್ ಪ್ರಮಾಣಪತ್ರ ಕೇಳಿ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿರುವ ಮನೆಯವರು ಇದಕ್ಕೆಲ್ಲ ಅವಸರ ಮಾಡಬೇಕಿಲ್ಲ. 200 ಯೂನಿಟ್ ದಾಟುವ ಮನೆಗಳಿಗೇ ಇದರ ಲೆಕ್ಕ ಕೂಡುವುದು. 3 ಕಿಲೋವಾಟ್ ಇಲ್ಲಿ ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗೆ ಮೋಡದಿಂದ ಕಡಿಮೆ. ಬ್ಯಾಟರಿ ಇಲ್ಲದ, ಬೀದಿ ಲೈನ್‌ಗೆ ಜೋಡಿಸಿದ ಆನ್‌ಗ್ರಿಡ್ ಇನ್ವರ್ಟರ್ ಲೈನ್ ಹೋದಾಗ ತಾನೂ ನಿಲ್ಲುತ್ತದೆ ಎಂಬುದನ್ನು ಮನೆಯವರಿಗೆಲ್ಲ ಮೊದಲೇ ಹೇಳಿಡಿ.

ಇನ್ವರ್ಟರ್‌ಗೂ ಪ್ಯಾನೆಲ್‌ಗೂ ಹೊಂದಾಣಿಕೆ ನೋಡದೆ ಕೊಳ್ಳುವುದು ದೊಡ್ಡ ತಪ್ಪು. 182 ಮಿಲಿಮೀಟರ್ ಸೆಲ್‌ನ ಪ್ಯಾನೆಲ್ ಸುಮಾರು 13 ಆಂಪಿಯರ್ ಕೊಡುತ್ತದೆ, 210 ಮಿಲಿಮೀಟರ್‌ನದು 17-18. ಇನ್ವರ್ಟರ್‌ನ ಇನ್‌ಪುಟ್ ಮಿತಿ 13-14 ಆಂಪಿಯರ್ ಇದ್ದರೆ ದೊಡ್ಡ ಸೆಲ್‌ನ ಕರೆಂಟ್ ಮೇಲಿಂದ ಕತ್ತರಿಸಿ ಹೋಗುತ್ತದೆ. ವೋಲ್ಟೇಜ್ ಕಡೆ ತೊಂದರೆ ತಿರುಗಾಮುರುಗಾ. ನಾಲ್ಕೇ ಪ್ಯಾನೆಲ್ ಸಾಲಾಗಿ ಜೋಡಿಸಿದರೆ ಒಟ್ಟು 165 ವೋಲ್ಟ್ ಆಸುಪಾಸು, ಬಿಸಿಯಲ್ಲಿ ಇನ್ನೂ ಇಳಿಯುತ್ತದೆ. ಇನ್ವರ್ಟರ್ ಪೂರ್ತಿ ಶಕ್ತಿಗೆ 200 ವೋಲ್ಟ್ ಕೇಳುವುದಾದರೆ ಕೆಲಸ ಕೆಟ್ಟಿತು. ಇನ್ವರ್ಟರ್ ಡೇಟಾಶೀಟ್‌ನ ಎಂಪಿಪಿಟಿ ವೋಲ್ಟೇಜ್ ಸಾಲನ್ನು, ಅಂದರೆ ಅದು ಸರಿಯಾಗಿ ಕೆಲಸ ಮಾಡುವ ವೋಲ್ಟೇಜ್ ಎಷ್ಟರಿಂದ ಎಷ್ಟು ಎಂಬುದನ್ನು, ಓದಿಯೇ ದುಡ್ಡು ಕೊಡಿ.

ಇನ್ನು ನೆರಳು. ಟಾಪ್‌ಕಾನ್‌ನಿಂದ ಗಳಿಸುವ ಶೇ 5ನ್ನು ಒಂದು ತೆಂಗಿನ ಗರಿ ಅನಾಯಾಸವಾಗಿ ನುಂಗುತ್ತದೆ. ಗುಬ್ಬಿ, ತಿಪಟೂರು ಕಡೆ ತೋಟದ ಮನೆಗಳಲ್ಲಿ ಇದು ದಿನದಿನದ ಸಮಸ್ಯೆ. ಈಗಿನ ಅರ್ಧ ಸೆಲ್ ಪ್ಯಾನೆಲ್ ಎರಡು ಭಾಗವಾಗಿ ಕೆಲಸ ಮಾಡುತ್ತದೆ. ಉದ್ದಕ್ಕೆ ನಿಲ್ಲಿಸಿದಾಗ ಕೆಳಗಿನ ಒಂದೇ ಸಾಲಿಗೆ ಪ್ಯಾರಾಪೆಟ್ ನೆರಳು ಬಿದ್ದರೂ ಕೆಳಗಿನರ್ಧ ಪೂರ್ತಿ ಮಲಗುತ್ತದೆ, ಮೇಲಿನರ್ಧ ಉಳಿಯುತ್ತದೆ. ಸೆಲ್‌ಗಳು ಉದ್ದುದ್ದ ಮೂರು ಪಟ್ಟಿಗಳಾಗಿಯೂ ಹಂಚಿರುವುದರಿಂದ, ಅದನ್ನೇ ಅಡ್ಡಕ್ಕೆ ಮಲಗಿಸಿದರೆ ಹೋಗುವುದು ಮೂರನೇ ಒಂದು ಭಾಗ. ಹೀಗಾಗಿ ತಗ್ಗು ನೆರಳು ಬೀಳುವ ಕಡೆ ಅಡ್ಡಕ್ಕೆ ಹಾಕಿಸಿ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದಕ್ಷಿಣಕ್ಕೆ 10ರಿಂದ 15 ಡಿಗ್ರಿ ಓರೆ ಸಾಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಆಗ ಕಡಿದಾದ ಓರೆಯಿಂದ ನಷ್ಟವೇ. 10ಕ್ಕಿಂತ ತಗ್ಗಿಸಿದರೆ ಮಳೆನೀರು ಜಾರದೆ ಕೆಳಗಿನ ಚೌಕಟ್ಟಿನ ಅಂಚಿಗೆ ಮಣ್ಣು ಕಟ್ಟುತ್ತದೆ, ಅದೇ ಒಂದು ನೆರಳಾಗುತ್ತದೆ. ಎರಡು ಸಾಲು ಬಂದರೆ ನಡುವೆ ಮೂರಡಿ ಬಿಡಿ.

ಪ್ಯಾನೆಲ್ ಮನೆಗೆ ಬಂದ ದಿನ ಮನೆಯವರೊಬ್ಬರು ಗೇಟಿನ ಹತ್ತಿರ ಇರಲೇಬೇಕು. ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲದ ಹಲಗೆಯನ್ನು ಒಬ್ಬರೇ ತಲೆ ಮೇಲೆ ಹೊತ್ತು ಮೆಟ್ಟಿಲು ಹತ್ತುವುದನ್ನು ತಡೆಯಿರಿ. ಗಾಜು ಒಡೆಯದಿದ್ದರೂ ನಡುವೆ ಬಾಗಿ ಒಳಗಿನ ಸೆಲ್ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಅದು ಕಾಣುವುದು ಮೂರ್ನಾಲ್ಕು ವರ್ಷದ ಮೇಲೆ ಯೂನಿಟ್ ಇಳಿದಾಗ. ಇಬ್ಬರು ಚೌಕಟ್ಟು ಹಿಡಿದು ನಿಲುವಾಗಿ ಸಾಗಿಸಬೇಕು. ಪ್ರತಿ ಪ್ಯಾನೆಲ್‌ನ ಹಿಂದಿನ ಸೀರಿಯಲ್ ನಂಬರ್ ಫೋಟೋ ತೆಗೆದು, ಕಾರ್ಖಾನೆಯಲ್ಲಿ ಒಂದೊಂದು ಪ್ಯಾನೆಲ್‌ನ ವಾಟ್ ಅಳೆದು ಕಂಪನಿ ಕೊಡುವ ಫ್ಲ್ಯಾಶ್ ಟೆಸ್ಟ್ ಪಟ್ಟಿಯೊಂದಿಗೆ ತಾಳೆ ಹಾಕಿ. ಆಮೇಲೆ ಮಲ್ಟಿಮೀಟರ್. ಲೇಬಲ್‌ನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಾಗಿನ ವೋಲ್ಟೇಜ್) 49.8 ಎಂದಿದ್ದರೆ ಬಿಸಿಲಿನಲ್ಲಿ ಕಾದ ಪ್ಯಾನೆಲ್ 45-46 ತೋರಿಸುವುದು ಸರಿ. ಒಂದು ಮಾತ್ರ 30ರ ಹತ್ತಿರ ನಿಂತರೆ ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ದಾಟಿಸುವ ಅದರ ಬೈಪಾಸ್ ಡಯೋಡ್ ಒಂದು ಶಾರ್ಟ್ ಆಗಿ ಮೂರನೇ ಒಂದು ಭಾಗ ಸತ್ತಿದೆ. ಮೇಲೆ ಹತ್ತಿಸುವ ಮುಂಚೆಯೇ ವಾಪಸ್ ಕಳಿಸಿ. ವೈರ್ ಜೋಡಿಸುವ ಎಂಸಿ4 ಕನೆಕ್ಟರ್‌ಗಳು ಎರಡೂ ಕಡೆ ಒಂದೇ ಕಂಪನಿಯವು ಇರಲಿ. ಬೇರೆ ಬೇರೆಯವು ‘ಟಕ್’ ಎಂದು ಕೂತಂತೆ ಕಂಡರೂ ಒಳಗೆ ಸಡಿಲ ಇದ್ದು ಕಾದು ಕರಗುತ್ತವೆ. ದೇವರಾಯನದುರ್ಗ, ನಂದಿ ಕಡೆ ಕೋತಿ ಕಾಟ ಇರುವ ಊರುಗಳಲ್ಲಿ ತೂಗುವ ವೈರ್ ಒಂದನ್ನೂ ಬಿಡಬೇಡಿ, ಎಲ್ಲ ಪೈಪಿನೊಳಗೆ ಹೋಗಲಿ.

ಕೊನೆಗೆ ತೊಳೆಯುವ ನೀರು. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಕ್ರಷರ್ ಧೂಳು, ಸುಗ್ಗಿಯಲ್ಲಿ ರಾಗಿ ಹೊಟ್ಟು ಗಾಜಿನ ಮೇಲೆ ಕೂರುತ್ತದೆ, ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು. ಆದರೆ ಆಳದ ಬೋರ್‌ವೆಲ್‌ನ ಗಡಸು ನೀರು ಹಾಯಿಸಿ ಹಾಗೇ ಬಿಟ್ಟರೆ ಒಂದೊಂದು ಹನಿಯೂ ಒಣಗಿ ಬಿಳಿ ಉಂಗುರ ಉಳಿಸುತ್ತದೆ, ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಸುಣ್ಣದಂಥದೇ. ಉಂಗುರದ ಮೇಲೆ ಉಂಗುರ ಕೂತು ಗಾಜು ಮಬ್ಬಾದರೆ ಬ್ರಶ್ಶಿಗೆ ಬಗ್ಗುವುದಿಲ್ಲ. ಆರ್‌ಒ ಮಷಿನ್ ಹೊರಬಿಡುವ ನೀರನ್ನು ವ್ಯರ್ಥ ಮಾಡಬಾರದೆಂದು ಪ್ಯಾನೆಲ್‌ಗೆ ಬಳಸುವವರಿದ್ದಾರೆ. ಉಪ್ಪಿನಂಶ ಬೋರ್‌ವೆಲ್ ನೀರಿಗಿಂತಲೂ ಅದರಲ್ಲೇ ಹೆಚ್ಚು, ಅದು ಬೇಡವೇ ಬೇಡ. ಸಂಪಿನಲ್ಲಿ ಮಳೆನೀರಿದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಬೋರ್ ನೀರಲ್ಲೇ ಮಣ್ಣು ತೆಗೆದು, ಪ್ಯಾನೆಲ್‌ಗೆ ಒಂದು ಲೀಟರ್ ಕುಡಿಯುವ ಆರ್‌ಒ ನೀರು ಮೇಲಿಂದ ಹಾಯಿಸಿ, ರಬ್ಬರ್ ವೈಪರ್‌ನಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಬೆಳಿಗ್ಗೆ 7ರೊಳಗೆ ಮುಗಿಸಬೇಕು, ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು. ಕೈ ಎಟುಕದ ಪ್ಯಾನೆಲ್‌ಗೆ ಉದ್ದ ಕೋಲಿನ ಮಾಪ್ ಕಟ್ಟಿಕೊಳ್ಳಿ, ಪ್ಯಾನೆಲ್ ಮೇಲೆ ಕಾಲಿಡಬೇಡಿ.